ದಾರಿ ನಡುವಣ ತಂಗು

ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಉತ್ತರ ಕರ್ನಾಟಕದ ಭಕ್ತಾದಿಗಳು ದಾರಿಯನ್ನು ಮೈಲಿಗಳಲ್ಲಿ ಅಳೆಯುವುದಿಲ್ಲ, ತಂಗುವ ಊರುಗಳಲ್ಲಿ ಅಳೆಯುತ್ತಾರೆ. ಇಂದು ರಾತ್ರಿ ದಾಸೋಹ ಎಲ್ಲಿ, ನಾಳೆ ಬೆಳಗಿನ ಸ್ನಾನ-ಪೂಜೆ ಎಲ್ಲಿ ಎಂಬ ಲೆಕ್ಕವೇ ಅವರ ಪ್ರಯಾಣದ ಲೆಕ್ಕ. ವಿಮಾನವು ಈ ಲೆಕ್ಕವನ್ನು ಇಲ್ಲವಾಗಿಸಿತು. ಒಂದು ಊರಿನಲ್ಲಿ ಹತ್ತಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇಳಿಯುವವನಿಗೆ ನಡುವಣ ಊರುಗಳು ಕಿಟಕಿಯ ಕೆಳಗಿನ ದೀಪಗಳಷ್ಟೇ. ಆದರೆ ಆ ವಿಮಾನದ ಟಿಕೆಟಿನೊಳಗೇ ಹಳೆಯ ತಂಗುವ ಪದ್ಧತಿಯೊಂದು ಅಡಗಿ ಕುಳಿತಿದೆ ಎಂಬುದನ್ನು ನಾವು 2025ರಲ್ಲಿ ಕಂಡುಕೊಂಡೆವು.

ನಮ್ಮ ಮಗಳ ಸಂಸಾರ ಟೊರಾಂಟೋದಲ್ಲಿದೆ. ಮೊಮ್ಮಗು ಹುಟ್ಟಿ ಎರಡು ವರ್ಷವಾದರೂ ನಮ್ಮ ಶ್ರೀಮತಿಯವರು ಅದರ ಮುಖವನ್ನು ದೂರವಾಣಿಯ ಪರದೆಯಲ್ಲಿ ಮಾತ್ರ ಕಂಡಿದ್ದರು. ಬೆಂಗಳೂರಿನ ಮನೆಯ ಬಾಗಿಲು ಹಾಕಿ ಅಲ್ಲಿಯ ಮನೆಯ ಬಾಗಿಲು ತಟ್ಟುವ ವೇಳೆಗೆ ಇಪ್ಪತ್ತನಾಲ್ಕು ಗಂಟೆಗೂ ಹೆಚ್ಚು ಕಾಲ ಸಂದಿರುತ್ತದೆ. ಲಿಂಗದೀಕ್ಷೆಯಾದಂದಿನಿಂದ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸದೆ ಅವರು ಬಾಯಿಗೆ ಹನಿ ನೀರು ಹಾಕಿದವರಲ್ಲ. ಅಂಗೈಯಲ್ಲಿಯೇ ದೇವರಿರುವಾಗ ವಿಮಾನದ ಆಸನದಲ್ಲಿ ಕುಳಿತೇ ಪೂಜಿಸಬಹುದಲ್ಲ, ಇಷ್ಟಲಿಂಗದ ಹಿರಿಮೆಯೇ ಅದಲ್ಲವೇ ಎಂದು ನಾವು ವಾದಿಸಿದ್ದುಂಟು. ವಾದದಲ್ಲಿ ಗೆದ್ದೆವು, ಅವರು ಮಾತ್ರ ಹೊರಡಲಿಲ್ಲ.

ದಾರಿ ತೋರಿದವಳು ಮಗಳು. ಕೆಲಸದ ನಿಮಿತ್ತ ತಿರುಗಾಡಿ ಅವಳು ಏರ್ ಕೆನಡಾ ಸಂಸ್ಥೆಯ ಏರೋಪ್ಲಾನ್ ಯೋಜನೆಯಲ್ಲಿ ಪಾಯಿಂಟುಗಳನ್ನು ಕೂಡಿಹಾಕಿದ್ದಳು. ಪದೇ ಪದೇ ಪ್ರಯಾಣಿಸುವವರಿಗೆ ಇಂತಹ ಪ್ರತಿಫಲ ಕೊಡುವ ಪದ್ಧತಿ ಹೊಸದೇನಲ್ಲ. ಅಮೆರಿಕನ್ ಏರ್‌ಲೈನ್ಸ್ ತನ್ನ ಯೋಜನೆಯನ್ನು ಆರಂಭಿಸಿದ್ದು 1981ರಲ್ಲಿ. ಏರೋಪ್ಲಾನಿನ ನಿಯಮಗಳು 2020ರ ನವೆಂಬರಿನಲ್ಲಿ ಬದಲಾದಾಗ ಒಂದು ಅನುಕೂಲ ಸೇರಿತು. ಒಮ್ಮುಖ ಪ್ರಯಾಣದ ಟಿಕೆಟಿಗೆ ಇನ್ನು 5,000 ಪಾಯಿಂಟು ಸೇರಿಸಿ ಕೊಟ್ಟರೆ, ದಾರಿಯಲ್ಲಿ ಸಿಗುವ ಒಂದು ಊರಿನಲ್ಲಿ 45 ದಿನಗಳವರೆಗೆ ಇಳಿದುಕೊಂಡು ಅದೇ ಟಿಕೆಟಿನಲ್ಲಿ ಮುಂದಕ್ಕೆ ಹೋಗಬಹುದು. ಎರಡು ಊರುಗಳಿಗೆ ಎರಡು ಬೇರೆ ಟಿಕೆಟು ಕೊಳ್ಳುವುದಕ್ಕಿಂತ ಇದು ಬಹಳ ಅಗ್ಗ. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಕೂಟವನ್ನು ಸೇರಿದ್ದರಿಂದ, ಕೆನಡಾದ ಪಾಯಿಂಟಿನಲ್ಲಿ ಬೆಂಗಳೂರಿನಿಂದ ಅದರ ವಿಮಾನವನ್ನೂ ಹತ್ತಬಹುದು. ಪಾಯಿಂಟಿಗೆ ಸಿಗುವ ಆಸನಗಳು ಮಾತ್ರ ಕೆಲವೇ; ತಿಂಗಳುಗಳ ಮೊದಲೇ ಹುಡುಕತೊಡಗಬೇಕು.

ಇಲ್ಲಿ ಒಂದು ಭೇದವನ್ನು ಓದುಗ ಬಂಧುಗಳು ಗಮನಿಸಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಡುವಿನ ಊರಿನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಅದು ಬರೀ ವಿಮಾನ ಬದಲಾವಣೆ. 24 ಗಂಟೆ ಮೀರಿದರೆ ಅದು ತಂಗು, ವಿಮಾನದವರ ಭಾಷೆಯಲ್ಲಿ ಸ್ಟಾಪೋವರ್. ಮೊದಲನೆಯದಕ್ಕೆ ಹೆಚ್ಚಿನ ಪಾಯಿಂಟು ಬೇಡ, ಎರಡನೆಯದಕ್ಕೆ ಬೇಕು. ತಂಗಿದಾಗ ಪೆಟ್ಟಿಗೆಗಳೂ ನಮ್ಮೊಡನೆ ಇಳಿದು ಆ ದೇಶದ ಸುಂಕದ ಕಟ್ಟೆಯನ್ನು ದಾಟಬೇಕು. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲವಾದ್ದರಿಂದ, ಮಗಳಿಗೆಂದು ತಂದಿದ್ದ ಧಾರವಾಡದ ಪೇಡೆ ನೆರೆಮನೆಯವರ ಪಾಲಾಯಿತು. ಕಟಕು ರೊಟ್ಟಿಗೂ ಶೇಂಗಾ ಚಟ್ನಿಪುಡಿಗೂ ಆ ತೊಡಕಿರಲಿಲ್ಲ.

ನಾವು ಆರಿಸಿದ ಊರು ಲಂಡನ್. ಮೇ ತಿಂಗಳ ಕೊನೆಯಲ್ಲಿ ಬೆಳಗಿನ ಪೂಜೆ ಮುಗಿಸಿ ಬೆಂಗಳೂರಿನಲ್ಲಿ ಮಧ್ಯಾಹ್ನದ ವಿಮಾನ ಹತ್ತಿದರೆ, ಸುಮಾರು ಹನ್ನೊಂದು ಗಂಟೆಯ ಹಾದಿ. ಪಶ್ಚಿಮಕ್ಕೆ ಹೋಗುವವರ ಗಡಿಯಾರ ಹಿಂದಕ್ಕೆ ಸರಿಯುವುದರಿಂದ ಅಲ್ಲಿ ಇಳಿದಾಗ ಅದೇ ದಿನದ ಸಂಜೆ. ರಾತ್ರಿ ಒಂಬತ್ತರವರೆಗೂ ಬೆಳಕು. ಮರುದಿನದ ಪೂಜೆ ವಸತಿಗೃಹದ ಕೋಣೆಯಲ್ಲಿ. ಮೂರನೆಯ ದಿನವೂ ಅಲ್ಲಿಯೇ ಪೂಜೆ ಮುಗಿಸಿ ನಡುಹಗಲಿನ ವಿಮಾನ ಹಿಡಿದರೆ, ಟೊರಾಂಟೋದಲ್ಲಿ ಅದೇ ದಿನದ ಮಧ್ಯಾಹ್ನ. ಮೂರು ದಿನಗಳಲ್ಲಿ ಒಂದು ಪೂಜೆಯೂ ತಪ್ಪುವುದಿಲ್ಲ. ಈ ಲೆಕ್ಕವನ್ನು ನಾವು ಹಾಳೆಯ ಮೇಲೆ ಬರೆದು ತೋರಿಸಿದೆವು. ಶ್ರೀಮತಿಯವರು ಎರಡು ಬಾರಿ ಓದಿ, ಕರಡಿಗೆಯನ್ನು ತಪಾಸಣೆಯವರು ಬಿಚ್ಚಿಸುತ್ತಾರೆಯೇ ಎಂದು ಮಾತ್ರ ಕೇಳಿದರು. ವಿಭೂತಿ ಗಟ್ಟಿ, ಪೂಜೆಯ ವಸ್ತ್ರಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಂಡೆವು. ಹೋಟೆಲಿನ ಕೋಣೆಯಲ್ಲಿ ಹೊಗೆ ಎದ್ದರೆ ಗಂಟೆ ಹೊಡೆದುಕೊಳ್ಳುವುದರಿಂದ ಊದುಬತ್ತಿ, ಕರ್ಪೂರ ಬಿಟ್ಟೆವು.

ಇದೆಲ್ಲ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ನಮ್ಮಿಬ್ಬರ ತಂಗಿಗೆ ಮಗಳ 10,000 ಪಾಯಿಂಟು ಹೋಯಿತು. ಬ್ರಿಟನ್ನಿನ ಆರು ತಿಂಗಳ ವೀಸಾಕ್ಕೆ 2025ರ ಏಪ್ರಿಲಿನ ದರದಂತೆ ತಲೆಗೆ 127 ಪೌಂಡು. ಅಲ್ಲದೆ, 24 ಗಂಟೆ ಮೀರಿ ತಂಗಿದವರು ಅಲ್ಲಿಂದ ಹಾರುವಾಗ ಆ ಸರ್ಕಾರ ವಿಮಾನ ಪ್ರಯಾಣಿಕ ಸುಂಕವನ್ನು ಹಾಕುತ್ತದೆ. ಕೆನಡಾದಷ್ಟು ದೂರಕ್ಕೆ ಆಗ ಸಾಧಾರಣ ದರ್ಜೆಗೆ 90 ಪೌಂಡು. ವಿಮಾನ ಬದಲಾಯಿಸಿ ಹೋಗುವವರಿಗೆ ಇದಿಲ್ಲ. ಇಬ್ಬರಿಗೂ ಸೇರಿ 434 ಪೌಂಡು, ಅಂದಿನ ದರದಲ್ಲಿ ಐವತ್ತು ಸಾವಿರ ರೂಪಾಯಿಯ ಆಸುಪಾಸು. ವಸತಿಯ ಖರ್ಚು ಬೇರೆ. ಪಾಯಿಂಟಿನ ಬೆಲೆಯನ್ನಷ್ಟೇ ತೂಗುವವರು ಇದನ್ನು ನಷ್ಟವೆನ್ನಬಹುದು. ನಮ್ಮ ಮನೆಯಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮೊಮ್ಮಗು ಕುಳಿತಿತ್ತು. ಪಾಯಿಂಟಿನ ಆಸೆಗೆ ಬೇಡದ್ದನ್ನೆಲ್ಲ ಸಾಲದ ಕಾರ್ಡಿನಲ್ಲಿ ಕೊಂಡು ಬಡ್ಡಿ ಕಟ್ಟುವವರನ್ನು ಕಂಡಾಗ ನಮಗೆ ಮರುಕವಾಗುತ್ತದೆ. ಕಾಯಕದ ದಾರಿಯಲ್ಲಿ ತಾನಾಗಿ ಕೂಡಿದ್ದು ಬೇರೆ, ಅದು ಬೇರೆ.

ಲಂಡನ್ನನ್ನೇ ಆರಿಸಲು ಇನ್ನೊಂದು ಕಾರಣವಿತ್ತು. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪುತ್ಥಳಿಯಿದೆ. ಕಲಬುರಗಿ ಮೂಲದವರೂ ಲ್ಯಾಂಬೆತ್ ಪ್ರದೇಶದ ಮೇಯರಾಗಿದ್ದವರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದ ಫಲ ಅದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಹೀಥ್ರೋ ನಿಲ್ದಾಣದಿಂದ ನೆಲದಡಿಯ ರೈಲಿನ ಪಿಕಡಿಲಿ ಮಾರ್ಗದಲ್ಲಿ ಗ್ರೀನ್ ಪಾರ್ಕಿಗೆ ಬಂದು, ಅಲ್ಲಿ ವಿಕ್ಟೋರಿಯಾ ಮಾರ್ಗಕ್ಕೆ ಬದಲಾಯಿಸಿದರೆ ಮೂರನೆಯ ನಿಲ್ದಾಣ ವಾಕ್ಸ್‌ಹಾಲ್. ಅಲ್ಲಿಂದ ನದಿಯನ್ನು ಎಡಕ್ಕಿಟ್ಟುಕೊಂಡು ಲ್ಯಾಂಬೆತ್ ಸೇತುವೆಯತ್ತ ನಡೆಯಬೇಕು. ಮಂಡಿನೋವಿನ ಶ್ರೀಮತಿಯವರು ನಡುವೆ ಎರಡು ಬಾರಿ ಕುಳಿತರು.

ಪುತ್ಥಳಿಯ ಮುಂದೆ ಜನಸಂದಣಿಯಿರಲಿಲ್ಲ. ಕಚೇರಿಗೆ ಹೋಗುವವರು, ಓಡುತ್ತ ವ್ಯಾಯಾಮ ಮಾಡುವವರು ತಮ್ಮ ಪಾಡಿಗೆ ಹಾದುಹೋಗುತ್ತಿದ್ದರು. ನದಿಗುಂಟ ಮುಂದಕ್ಕೆ ಕಣ್ಣು ಹಾಯಿಸಿದರೆ ಆ ದೇಶದ ಪಾರ್ಲಿಮೆಂಟಿನ ಗೋಪುರ. ಅನುಭವ ಮಂಟಪದ ವಿಷಯವಾಗಿ ಏನಾದರೂ ಹೇಳಬೇಕೆಂದು ನಾವು ಬಾಯಿ ತೆರೆಯುವಷ್ಟರಲ್ಲಿ ಶ್ರೀಮತಿಯವರು ಪಾದರಕ್ಷೆ ಕಳಚಿ, ತಣ್ಣನೆಯ ಕಲ್ಲುಹಾಸಿನ ಮೇಲೆ ಕೈಮುಗಿದು ನಿಂತಿದ್ದರು. ನಾವೂ ಮಾತು ಬಿಟ್ಟೆವು.

ಹಿಂದಿರುಗಿದ್ದು ಸೆಪ್ಟೆಂಬರಿನಲ್ಲಿ, ವೀಸಾದ ಆರು ತಿಂಗಳು ಮುಗಿಯುವ ಮೊದಲು. ಪೂರ್ವಕ್ಕೆ ಬರುವಾಗ ರಾತ್ರಿಗಳು ದಾರಿಯಲ್ಲಿಯೇ ಕಳೆಯುವುದರಿಂದ ಬೇರೊಂದು ಉಪಾಯ ಬೇಕಾಯಿತು. ಟೊರಾಂಟೋದಿಂದ ಸಂಜೆ ಹೊರಟು ಬೆಳಿಗ್ಗೆ ಲಂಡನ್ನಿನಲ್ಲಿ ಇಳಿದು, ಅದೇ ರಾತ್ರಿ ಮುಂದಿನ ವಿಮಾನ. 24 ಗಂಟೆಯೊಳಗಿನದಾದ್ದರಿಂದ ಪಾಯಿಂಟೂ ಇಲ್ಲ, ಸುಂಕವೂ ಇಲ್ಲ. ಪೆಟ್ಟಿಗೆಗಳು ನೇರ ಬೆಂಗಳೂರಿಗೆ. ನಿಲ್ದಾಣದ ಬಳಿ ಹಗಲಿಗೆ ಮಾತ್ರ ಒಂದು ಕೋಣೆ ಹಿಡಿದು, ಬಿಸಿನೀರಿನ ಸ್ನಾನವಾಗಿ, ಅವರು ಪೂಜೆಗೆ ಕುಳಿತರು. ಮೊಮ್ಮಗು ಬಿಡದೆ ಕೈಗಿತ್ತ ಮರದ ಆನೆಯೊಂದು ಆ ಹೊತ್ತು ಕೈಚೀಲದಿಂದ ಹೊರಬಂದು ವಿಭೂತಿ ಗಟ್ಟಿಯ ಪಕ್ಕದಲ್ಲಿ ನಿಂತಿತ್ತು.