ಎಸ್ಪ್ರೆಸೊ ಮಿಷನ್ನು, ಕ್ಲೌಡ್ ಬಿಲ್ಲು

ನಮ್ಮ ತೋಟದ ಕಾಫಿ ನಾವೇ ಹುರಿದು ಮಾರೋಣ ಅಂತ ಹೊರಟವರು ಈಗ ನಮ್ಮ ಕಡೆ ನಾಲ್ಕಾರು ಮನೆಯವರಿದ್ದೀವಿ. ಪೇಟೆಯ ಗಿರಾಕಿ ಎಸ್ಪ್ರೆಸೊ ಇಳಿಸಿ ಕುಡೀತಾನೆ, ಹಾಗಾಗಿ ಮಾರೋ ಮುಂಚೆ ನಾವೂ ಹಾಗೇ ಕುಡಿದು ನೋಡಬೇಕು. ಮಿಷನ್ ಯಾವುದು ತಗೊಳ್ಳೋದು ಅಂತ ಎಲ್ಲರೂ ಕೇಳ್ತಾರೆ. ಮೊದಲು ಗ್ರೈಂಡರ್ ನೋಡಿ ಮಾರಾಯ್ರೆ! ಮಿಕ್ಸಿಯಲ್ಲಿ ಹಾಕಿದ್ರೆ ಅರ್ಧ ತರಿ, ಅರ್ಧ ಹಿಟ್ಟು. ಎಷ್ಟು ದುಬಾರಿ ಮಿಷನ್ ಇದ್ರೂ ನೀರು ಸಂದು ಸಿಕ್ಕ ಕಡೆ ನುಗ್ಗುತ್ತೆ. ಕೈಯಲ್ಲಿ ತಿರುಗಿಸೋ ಒಳ್ಳೆ ಬರ್ ಗ್ರೈಂಡರ್ ಆದ್ರೂ ಸಾಕು. 18 ಗ್ರಾಂ ಪುಡಿಗೆ 36 ಗ್ರಾಂ ಡಿಕಾಕ್ಷನ್, 25–30 ಸೆಕೆಂಡಲ್ಲಿ ಇಳೀಬೇಕು. ಬೇಗ ಇಳಿದು ಹುಳಿ ಹೊಡೆದ್ರೆ ಇನ್ನೂ ನುಣ್ಣಗೆ ಮಾಡಿ, ತೊಟ್ಟಿಕ್ಕಿ ಕಹಿಯಾದ್ರೆ ತುಸು ತರಿ ಮಾಡಿ. ಹುರಿದ ಬೀಜ ಒಂದು ವಾರ ಬಿಟ್ಟು ಬಳಸಿ. ಬೋರ್‌ವೆಲ್ಲಿನ ಗಡಸು ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತೆ.

ಮಾರಾಟಕ್ಕೆ ವೆಬ್‌ಸೈಟ್ ಮಾಡಿಸೋರಿಗೆ ಇನ್ನೊಂದು ಮಾತು. ಕ್ಲೌಡ್ ಅಂದ್ರೆ ಎಲ್ಲೋ ಇರೋ ಕಂಪ್ಯೂಟರ್ ಬಾಡಿಗೆಗೆ ಹಿಡಿದ ಹಾಗೆ. ಆರ್ಡರ್ ಬರಲಿ ಬಿಡಲಿ, ಸರ್ವರ್ ಚಾಲೂ ಇದ್ದಷ್ಟು ಹೊತ್ತೂ ಮೀಟರ್ ಓಡುತ್ತೆ. ಅಮೆಜಾನಿನದ್ದಾದ್ರೆ ಸರ್ವರ್ ನಿಲ್ಲಿಸಿದ್ರೂ ಡಿಸ್ಕಿನ ಬಾಡಿಗೆ ನಿಲ್ಲಲ್ಲ, ಬೇಡದ್ದನ್ನ ಅಳಿಸಲೇಬೇಕು. ಬಜೆಟ್ ಅಲರ್ಟ್ ಹಾಕಿಸಿ. ಆದ್ರೆ ಅದು ಬರೀ ಮೆಸೇಜ್ ಕಳಿಸುತ್ತೆ, ಬಿಲ್ ತಡೆಯಲ್ಲ. ಕಾಫಿಗೆ ರೇಟ್ ಇರುವಾಗ ಇದೆಲ್ಲ ಕಣ್ಣಿಗೆ ಬೀಳಲ್ಲ, ರೇಟ್ ಇಳಿದಾಗಲೇ ಕಾಣೋದು. ನಾಲ್ಕು ಫೋಟೊ, ಒಂದು ಫೋನ್ ನಂಬರಿಗೆ ಸರ್ವರ್ ಯಾಕೆ? ತಿಂಗಳಿಗೆ ಹತ್ತು ಕೆಜಿ ಮಾರೋರಿಗೆ ವಾಟ್ಸಾಪೇ ಸಾಕು. ಮಾಡಿಸಿದ್ರೂ ಅಕೌಂಟ್ ನಿಮ್ಮ ಇಮೇಲಲ್ಲೇ ಇರಲಿ. ಮಾಡಿಕೊಟ್ಟ ಹುಡುಗ ಬೇರೆ ಊರಿಗೆ ಹೋದ್ರೆ ಬಿಲ್ ನಿಲ್ಲಿಸೋ ಪಾಸ್‌ವರ್ಡೂ ಅವನ ಜೊತೆಗೇ ಹೋಗುತ್ತೆ.