ಕಾಲಿಗೆ ಕೇಳಿದ ಶಬ್ದ

ಪಿಕಪ್‌ನಲ್ಲಿ ಏನೋ ಶಬ್ದ ಬರುತ್ತಿದೆ ಎಂದು ಅಪ್ಪ ಹೇಳತೊಡಗಿ ನಾಲ್ಕು ತಿಂಗಳಾಗಿತ್ತು. ಬೇರೆ ಯಾರಿಗೂ ಅದು ಕೇಳಿರಲಿಲ್ಲ. ಅಣ್ಣ ಬೆಂಗಳೂರಿನಿಂದ ಬಂದಾಗಲೆಲ್ಲ ಅಡಿಕೆ ಚೀಲ ಹೇರಿಕೊಂಡು ಶಿರಸಿಗೆ ಹೋಗಿ ಬಂದು, "ಗಾಡಿ ಸರಿ ಇದ್ದು. ಅಪ್ಪನ ಕಿವಿಯೇ ಸರಿ ಇಲ್ಲೆ" ಎನ್ನುತ್ತಿದ್ದ. ಅಪ್ಪನ ಲೈಸೆನ್ಸ್ ನವೀಕರಣಕ್ಕೆ ಬಂದಿತ್ತು. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಈ ಸಲ ಮಾಡಿಸುವುದೇ ಬೇಡ, ಗಾಡಿ ಮಾರಿಬಿಡೋಣ ಎನ್ನುವುದು ಅಣ್ಣನ ವಾದ.

ನಮ್ಮದು ಸಿದ್ದಾಪುರ ತಾಲೂಕಿನ ಒಂದು ಮೂಲೆ. ಸೊಪ್ಪಿನ ಬೆಟ್ಟದಿಂದ ದರಕು ತರಲು, ಮಳೆಗಾಲದಲ್ಲಿ ತೋಟದ ದಾರಿಯ ಕೆಸರು ದಾಟಲು ಆ ಫೋರ್ ವೀಲ್ ಗಾಡಿ ಬೇಕೇ ಬೇಕು. ಅದನ್ನು ಮಾರುವುದೆಂದರೆ ಅಪ್ಪನನ್ನು ಮನೆಯ ಜಗಲಿಯಲ್ಲಿ ಕೂರಿಸಿದಂತೆ.

ನಾನು ಕನ್ನಡದ ಅನುಕರಣ ಶಬ್ದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ರಜೆಗೆ ಹೋದವಳು ನೋಟ್‌ಬುಕ್ ಹಿಡಿದು ಅಪ್ಪನ ಮುಂದೆ ಕೂತೆ.

"ಎಂಥ ಶಬ್ದ ಅಪ್ಪಾ? ಟಕಟಕವಾ, ಗರಗರವಾ?"

"ಎರಡೂ ಅಲ್ಲ. ಗುಂಯ್ ಹೇಳ್ತು. ಕಿವಿಗಿಂತ ಕಾಲಿಗೆ ಜಾಸ್ತಿ ಕೇಳ್ತು, ಕೂಸೇ."

ಕಾಲಿಗೆ ಕೇಳುವುದು! ನಕ್ಕು ಬರೆದುಕೊಂಡೆ. ಯಾವಾಗ ಎಂದು ಕೇಳಿದ್ದಕ್ಕೆ, "ಶಿರಸಿಗೆ ಹೋಗುವಾಗ ಇಲ್ಲೆ, ಬರುವಾಗ ಇದ್ದು" ಎಂದರು. ಅದನ್ನೂ ಬರೆದುಕೊಂಡೆ, ಆದರೆ ನಂಬಲಿಲ್ಲ. ಒಂದೇ ಗಾಡಿ, ಒಂದೇ ರಸ್ತೆ.

ಶಿರಸಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಹುಡುಗ ಪೇಟೆಯೊಳಗೆ ಒಂದು ಸುತ್ತು ಓಡಿಸಿ ಬಂದು, ಕ್ರೌನ್ ಪಿನಿಯನ್ ಹೋಗಿರಬಹುದು, ಹೌಸಿಂಗ್ ಬಿಚ್ಚಬೇಕು ಎಂದ. ಖರ್ಚು ಕೇಳಿ ಅಪ್ಪ ಸುಮ್ಮನಾದರು.

ಮರುದಿನ ನಾವಿಬ್ಬರೇ ಪರೀಕ್ಷೆಗೆ ಹೊರಟೆವು. ಖಾಲಿ ಗಾಡಿ. ವೇಗ 45 ದಾಟುತ್ತಿದ್ದಂತೆ ಸೀಟಿನಡಿ ಸಣ್ಣಗೆ ಏನೋ ಅದುರಿತು. ನನಗೂ ಕೇಳಿತು, ಅಥವಾ ಮುಟ್ಟಿತು. ಅದೇ ವೇಗದಲ್ಲಿ ಗೇರ್ ಬದಲಿಸಿದರೂ, ನ್ಯೂಟ್ರಲ್‌ಗೆ ಬಿಟ್ಟರೂ ಅದು ಬದಲಾಗಲಿಲ್ಲ. ಹಾಗಾದರೆ ಎಂಜಿನ್ನಿನದಲ್ಲ. ತಿರುವಿನಲ್ಲಿ ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಅಷ್ಟೇ ಇತ್ತು. ಚಕ್ರದ ಬೇರಿಂಗ್ ಆಗಿದ್ದರೆ ಹೆಚ್ಚುಕಡಿಮೆ ಆಗಬೇಕಿತ್ತು. ಎಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ ವ್ಯತ್ಯಾಸವಿರಲಿಲ್ಲ. ಕ್ರೌನ್ ಪಿನಿಯನ್ ಸಾಮಾನ್ಯವಾಗಿ ಅಲ್ಲೇ ಧ್ವನಿ ಬದಲಿಸುತ್ತದೆ. ಮುಂದಿನ ಹಬ್‌ಗಳನ್ನು ಫ್ರೀ ಮಾಡಿ ಟೂ ವೀಲ್‌ನಲ್ಲಿ ಓಡಿಸಿದರೆ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಆಗಲೂ ಗುಂಯ್ ನಿಲ್ಲಲಿಲ್ಲ. ಉಳಿದದ್ದು ಹಿಂದಿನ ಶಾಫ್ಟ್ ಒಂದೇ. ಅದರ ಕೆಳಗೆ ಮಲಗಿ ಕೈಯಲ್ಲಿ ಅಲ್ಲಾಡಿಸಿ ನೋಡಿದೆ. ಎಲ್ಲೂ ಸಡಿಲವಿರಲಿಲ್ಲ.

ಆ ವಾರ ಯಲ್ಲಾಪುರದಲ್ಲಿ ಅತ್ತೆಯ ಮನೆಗೆ ಹೋಗುವುದಿತ್ತು. ಊರು ಮುಟ್ಟುವ ಹೊತ್ತಿಗೆ ಅದುರು ಜೋರಾಗಿತ್ತು. ರಸ್ತೆಬದಿಯ ಸಣ್ಣ ಗ್ಯಾರೇಜೊಂದರಲ್ಲಿ ವಯಸ್ಸಾದ ಮಿಸ್ತ್ರಿ ಇದ್ದರು. ನಾನು ನೋಟ್‌ಬುಕ್ ತೆರೆದೆ. ಅವರು ಅಪ್ಪನ ಕಡೆ ತಿರುಗಿ, "ಲೋಡ್ ಇದ್ದಾಗ ಬರ್ತದಾ, ಖಾಲಿ ಇದ್ದಾಗ ಬರ್ತದಾ?" ಎಂದರು.

ಆಗ ಹೊಳೆಯಿತು. ಶಿರಸಿಗೆ ಹೋಗುವಾಗ ಅಡಿಕೆ ಚೀಲ, ಬರುವಾಗ ಖಾಲಿ. ಭಾರ ಬಿದ್ದರೆ ಹಿಂದಿನ ಪಟ್ಟಿ ಕುಗ್ಗಿ ಶಾಫ್ಟಿನ ಇಳಿಜಾರು ಕಡಿಮೆಯಾಗುತ್ತದೆ. ಖಾಲಿಯಾದರೆ ಹೆಚ್ಚುತ್ತದೆ. ಅಣ್ಣ ಹೆಚ್ಚಾಗಿ ಓಡಿಸಿದ್ದು ಹೇರು ತುಂಬಿದ ಗಾಡಿಯನ್ನು. ಗ್ಯಾರೇಜಿನ ಹುಡುಗ ಪೇಟೆಯಲ್ಲಿ 45 ಮುಟ್ಟಿರಲೇ ಇಲ್ಲ.

"ಇತ್ತೀಚೆಗೆ ಶಾಫ್ಟ್ ಬಿಚ್ಚಿದ್ರಾ ಯಜಮಾನ್ರೆ?"

"ಹೌದು, ನಾಲ್ಕು ತಿಂಗಳ ಹಿಂದೆ ಕ್ರಾಸ್ ಹಾಕ್ಸಿದ್ದು."

ಅವರು ಅಡಿಗೆ ನುಸುಳಿ, ಬಟ್ಟೆಯಿಂದ ಕೆಸರು ಒರೆಸಿ ನನ್ನನ್ನು ಕರೆದರು. ಶಾಫ್ಟಿನ ಎರಡೂ ತುದಿಗೆ ಕವಲುಗಳಿವೆ. ಅವು ಒಂದೇ ಸಾಲಿನಲ್ಲಿರಬೇಕು. ನಮ್ಮದರಲ್ಲಿ ಒಂದು ತುಸು ತಿರುಚಿಕೊಂಡಿತ್ತು. ನಡುವಿನ ಜಾರುವ ಜೋಡಣೆಯನ್ನು ಮತ್ತೆ ಕೂಡಿಸುವಾಗ ಹಲ್ಲು ತಪ್ಪಿ ಕೂತಿತ್ತು. ಸರಿಯಾದ ಜಾಗ ತೋರಿಸುವ ಗುರುತು ಗ್ರೀಸಿನಡಿ ಮುಚ್ಚಿಹೋಗಿತ್ತು.

ಈ ಕೀಲಿಗೆ 17ನೇ ಶತಮಾನದ ರಾಬರ್ಟ್ ಹುಕ್‌ನ ಹೆಸರಿದೆ. ಅದರ ಗುಣ ವಿಚಿತ್ರ. ಓರೆಯಾಗಿ ತಿರುಗುವಾಗ ಒಂದು ಕಡೆಯ ವೇಗ ಸಮವಾಗಿದ್ದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಿ ಎರಡು ಸಲ ಕುಗ್ಗುತ್ತದೆ. ಓರೆ 10 ಡಿಗ್ರಿ ಇದ್ದರೆ ಏರಿಳಿತ ಶೇ. 1.5ರಷ್ಟು. ಎರಡನೆಯ ಕೀಲು ಅದನ್ನು ಸರಿದೂಗಿಸುತ್ತದೆ, ಕವಲುಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ. 50 ಕಿ.ಮೀ. ವೇಗದಲ್ಲಿ ನಮ್ಮಂಥ ಗಾಡಿಯ ಶಾಫ್ಟ್ ಸೆಕೆಂಡಿಗೆ ಸುಮಾರು 25 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 50 ಅದುರು. ಅಷ್ಟು ತಗ್ಗಿನ ಶಬ್ದ ಕಿವಿಗೆ ಕೇಳುವಷ್ಟೇ ಮೈಗೂ ತಾಗುತ್ತದೆ. ಅಪ್ಪ ಸರಿಯಾದ ಕ್ರಿಯಾಪದವನ್ನೇ ಬಳಸಿದ್ದರು. ನಾನು ಅದನ್ನು ತಪ್ಪು ಬಳಕೆ ಎಂದು ಗುರುತು ಹಾಕಿಕೊಂಡಿದ್ದೆ.

ಮಿಸ್ತ್ರಿ ಒಂದು ಗಂಟೆಯಲ್ಲಿ ಬಿಚ್ಚಿ ಕೂಡಿಸಿ 300 ರೂಪಾಯಿ ತೆಗೆದುಕೊಂಡರು.

ವಾಪಸು ಬರುವಾಗ ಅಪ್ಪನೇ ಓಡಿಸಿದರು. 45, 50, 55. ಏನೂ ಇಲ್ಲ. ಅವರ ಮುಖ ಅರಳಿತ್ತು. ಅಣ್ಣನಿಗೆ ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಮಂಚಿಕೇರಿ ದಾಟಿದ ಮೇಲೆ, ಗಾಡಿ ಅಷ್ಟು ನಿಶ್ಶಬ್ದವಾಗಿದ್ದರಿಂದಲೇ ಇರಬೇಕು, ಇನ್ನೊಂದು ಶಬ್ದ ನನಗೆ ಕೇಳಿತು. ಟಿಕ್ ಟಿಕ್ ಟಿಕ್. ಬಲಗಡೆಯ ಇಂಡಿಕೇಟರ್. ಯಾವಾಗಲೋ ಹಾಕಿದ್ದು ಆರಿರಲಿಲ್ಲ. ಹಿಂದೆ ಒಬ್ಬ ಬೈಕಿನವನು ಮುಂದೆ ಬರಲೂ ಆಗದೆ, ಬಿಡಲೂ ಆಗದೆ ತೂಗುತ್ತಿದ್ದ.

"ಅಪ್ಪಾ, ಇಂಡಿಕೇಟರ್."

"ಓ! ಹಾಕಿಯೇ ಇದ್ದಾ? ಕೇಳಿದ್ದಿಲ್ಲೆ."

ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ, ಚೂಪು ಧ್ವನಿಗಳು. ಗುಂಯ್ ಉಳಿಯುತ್ತದೆ, ಟಿಕ್ ಹೋಗುತ್ತದೆ. ಅಣ್ಣ ಹೇಳಿದ್ದರಲ್ಲೂ ಸ್ವಲ್ಪ ನಿಜವಿತ್ತು. ಆ ಅರ್ಧ ನಿಜವನ್ನು ಮುಚ್ಚಿಟ್ಟರೆ ಅಪ್ಪ ಗೆಲ್ಲುತ್ತಿದ್ದರು, ನಾನೂ ಗೆಲ್ಲುತ್ತಿದ್ದೆ.

ಶಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಪ್ಪನಿಗೆ ಎರಡನ್ನೂ ಹೇಳಿದೆ. ಅವರು ಬಹಳ ಹೊತ್ತು ಲೋಟವನ್ನೇ ನೋಡಿದರು.

"ಅಡ್ಡಿಲ್ಲೆ. ಗಾಡಿ ತೋರ್ಸಿದ ಹಾಂಗೇ ಕಿವಿನೂ ತೋರ್ಸನ. ಆದ್ರೆ ಕೂಸೇ, ಬಿಚ್ಚೂಕೆ ಮುಂಚೆ ಸರಿಯಾಗಿ ಕೇಳೋ ಡಾಕ್ಟ್ರು ಬೇಕು."

ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ಸಿದ್ದಾಪುರದವರೆಗೆ ನಾನು ಓಡಿಸಿದೆ. ಅವರು ಪಕ್ಕದಲ್ಲಿ ಚಪ್ಪಲಿ ಕಳಚಿ, ಪಾದಗಳನ್ನು ಗಾಡಿಯ ನೆಲಕ್ಕೆ ಊರಿ ಕೂತಿದ್ದರು.