ಮಾರ್ಕೋನಹಳ್ಳಿಯ ಸೈಫನ್

ಮಾರ್ಕೋನಹಳ್ಳಿ ಡ್ಯಾಂ ಕೋಡಿ ಬಿತ್ತು ಅನ್ನುವ ಸುದ್ದಿ ನಮ್ಮ ಕಡೆಯ ಊರುಗಳಿಗೆ ಒಂಟಿಯಾಗಿ ಬರುತ್ತಿರಲಿಲ್ಲ. ‘ದನ ಹೊಳೆಗೆ ಬಿಡಬ್ಯಾಡಿ, ಹುಡುಗ್ರು ಕೆಳಗಿಳೀದಂಗೆ ನೋಡ್ಕಳಿ’ ಎಂಬ ಮಾತೂ ಅದರ ಬೆನ್ನಿಗೇ ಬರುತ್ತಿತ್ತು. ಈಗ ಮೊದಲನೆಯ ಸುದ್ದಿ ವಿಡಿಯೊ ಆಗಿ ಗಂಟೆಯೊಳಗೆ ಬೆಂಗಳೂರು ಮುಟ್ಟುತ್ತದೆ. ಎರಡನೆಯದು ಮುಟ್ಟುವುದಿಲ್ಲ.

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟೆ ಇದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನಡುವೆ 139 ಮೀಟರ್ ಕಲ್ಲಿನ ಕಟ್ಟಡ, ಅದರ ಎರಡೂ ಬದಿಗೆ ಚಾಚಿಕೊಂಡ 1,470 ಮೀಟರ್ ಮಣ್ಣಿನ ಏರಿ. ಹಿಡಿಯುವ ನೀರು ಸುಮಾರು 2.4 ಟಿಎಂಸಿ. 49 ಟಿಎಂಸಿಯ ಕನ್ನಂಬಾಡಿಯ ಪಕ್ಕದಲ್ಲಿ ಇದರ ಹೆಸರು ಎತ್ತುವವರಿಲ್ಲ. ಕಟ್ಟಿದ್ದು 15,000 ಎಕರೆ ಗದ್ದೆ ತೋಟಗಳಿಗೆ, ವಿಹಾರಕ್ಕಲ್ಲ. ಆದರೆ ಯಡಿಯೂರು ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿದವರಿಗೆ ಇದು ಹತ್ತಿರದ ನೀರು. ಬುತ್ತಿ ಬಿಚ್ಚಲು ನೆರಳಿದೆ, ಕಾಲಿಡಲು ಹೊಳೆಯಿದೆ. ತುಂಬಿದ ವರ್ಷ ಭಾನುವಾರ ಬಂತೆಂದರೆ ಕಾರುಗಳ ಸಾಲು.

ಇಲ್ಲಿಯ ಕೋಡಿ ಊರ ಕೆರೆಯ ಕೋಡಿಯಂತಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರು ನೀರಿಗಿಳಿಯುವುದೇ ನನಗೆ ಭಯ ಹುಟ್ಟಿಸುವುದು. ಊರ ಕೆರೆಯಲ್ಲಿ ನೀರು ಕೋಡಿಕಲ್ಲಿನ ಮೇಲೆ ಮೊದಲು ಬೆರಳಗಲ ಹರಿಯುತ್ತದೆ, ಆಮೇಲೆ ಗೇಣಗಲ. ನೋಡುತ್ತಾ ನಿಂತವರಿಗೆ ದಡ ಸೇರಲು ಪುರುಸೊತ್ತು ಸಿಗುತ್ತದೆ. ಮಾರ್ಕೋನಹಳ್ಳಿಯಲ್ಲಿರುವುದು ತಾನಾಗಿ ಕೆಲಸಮಾಡುವ ಸೈಫನ್. ನೀರು ಗೊತ್ತಾದ ಮಟ್ಟ ದಾಟಿ ಒಳಗೆ ಬೀಳತೊಡಗಿದಾಗ ಕೊಳವೆಯಲ್ಲಿದ್ದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿಯೆಲ್ಲ ಹೋದ ಮೇಲೆ ಕೊಳವೆ ಬಾಯಿತುಂಬ ಎಳೆಯುತ್ತದೆ, ಒಳಗಿನ ನೀರಿನ ಪೂರ್ತಿ ಎತ್ತರದ ಒತ್ತಡದೊಂದಿಗೆ. ಮಟ್ಟ ಕೆಲವೇ ಅಂಗುಲ ಏರಿದ್ದಿರಬಹುದು, ಹೊರಬರುವ ನೀರು ಮಾತ್ರ ಒಮ್ಮೆಗೇ ಹತ್ತಾರು ಪಟ್ಟು. ಮೇಲೆ ನೀರು ಇಳಿದು ಮತ್ತೆ ಗಾಳಿ ಒಳಸೇರಿದಾಗ ಅಷ್ಟೇ ಥಟ್ಟನೆ ನಿಂತುಬಿಡುತ್ತದೆ. ಹಾಗೆ ನಿಂತ ಹೊತ್ತಿನಲ್ಲಿ ಹೊಳೆ ಮೊಣಕಾಲುದ್ದದ್ದಾಗಿ, ಬಂಡೆಗಳೆಲ್ಲ ಮೇಲೆದ್ದು, ಮಕ್ಕಳು ಆಡಲು ತಕ್ಕ ಜಾಗದಂತೆ ಕಾಣುತ್ತದೆ.

ಹಳೆ ಮೈಸೂರಿನ ಎಂಜಿನಿಯರುಗಳಿಗೆ ಇಂಥ ಉಪಾಯಗಳ ಮೇಲೆ ಬಹಳ ಪ್ರೀತಿ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಖಡಕ್‌ವಾಸ್ಲಾದಲ್ಲಿ ತಾವಾಗಿಯೇ ತೆರೆದು ಮುಚ್ಚುವ ಗೇಟು ಕೂರಿಸಿದ್ದರು. ಗಣೇಶ ಅಯ್ಯರ್ ನೀರನ್ನು ಸುರುಳಿ ಸುತ್ತಿಸಿ ಗಾಳಿ ಹೀರಿಸುವ ಸೈಫನ್ ರೂಪಿಸಿದರು. ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಕಟ್ಟಿದ ಅಂಥ ಸೈಫನ್‌ಗಳು ಲಿಂಗನಮಕ್ಕಿಯ ನೀರಲ್ಲಿ ಮುಳುಗಿವೆ. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಇಂದಿಗೂ ತಲೆ ತೋರಿಸುತ್ತವೆ. ಸೈಫನ್ ಇದ್ದರೆ ಮಧ್ಯರಾತ್ರಿ ನೆರೆ ಬಂದರೂ ಗೇಟು ಎತ್ತುವವನಿಗಾಗಿ ಕಾಯಬೇಕಿಲ್ಲ, ಏರಿಯ ಮೇಲೆ ನೀರು ಹತ್ತುವುದಿಲ್ಲ. ಏರಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಉಳಿಯುವುದಿಲ್ಲ.

ನಾನು ಹುಡುಗನಾಗಿದ್ದಾಗ ಸೈಫನ್ನಿನ ಕೆಳಗೆ ಇಳಿಯುತ್ತಿದ್ದವರು ಸುತ್ತಲ ಊರಿನವರೇ. ಬಟ್ಟೆ ಒಗೆಯುವ ಹೆಂಗಸರು, ಎಮ್ಮೆ ಮೈ ತೊಳೆಯುವವರು, ಮೀನು ಹಿಡಿಯುವವರು. ಮೇಲೆ ಎಷ್ಟು ನೀರಿದೆ ಎಂದು ಕೇಳದೆ ಯಾರೂ ಇಳಿಯುತ್ತಿರಲಿಲ್ಲ. ಹೇಳಲು ನೀರುಗಂಟಿ ಇದ್ದ. ಹೊಳೆಯಲ್ಲಿ ಹುಡುಗರು ಕಂಡರೆ ಏರಿಯ ಮೇಲಿಂದಲೇ ಕೂಗು ಹಾಕುತ್ತಿದ್ದ, ಕೇಳದಿದ್ದರೆ ಕೋಲು ಹಿಡಿದು ಇಳಿದು ಬರುತ್ತಿದ್ದ. ಆ ಕಾಲ ಚೆನ್ನಾಗಿತ್ತೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆಗಲೂ ಹೊಳೆ ಜೀವ ತೆಗೆದಿದೆ. ಆದರೆ ನೀರಿನ ಮಟ್ಟ ಗೊತ್ತಿದ್ದವನಿಗೂ ನೀರಲ್ಲಿ ನಿಂತವನಿಗೂ ನಡುವೆ ಒಂದು ಕೂಗಿನಷ್ಟೇ ದೂರವಿತ್ತು.

ಆಮೇಲೆ ವರ್ಷಗಟ್ಟಲೆ ಡ್ಯಾಂ ತುಂಬಲಿಲ್ಲ. ಸೈಫನ್ ನೀರು ಎಳೆಯುವುದನ್ನು ನೋಡದೆಯೇ ಹುಡುಗರು ದೊಡ್ಡವರಾದರು. ಅವರ ಪಾಲಿಗೆ ಅದು ಒಣಗಿದ ಕಟ್ಟಡ, ಹೊಳೆಯೆಂದರೆ ಬಂಡೆ. ಒಣ ವರ್ಷಗಳು ಮಣ್ಣಿನ ಏರಿಗೂ ಒಳ್ಳೆಯವಲ್ಲ. ಸೀಮೆಜಾಲಿ, ಲಂಟಾನ ಬೇರಿಳಿಸುತ್ತವೆ. ಬೇರು ಕೊಳೆತ ದಾರಿಯಲ್ಲಿ, ಹೆಗ್ಗಣದ ಬಿಲದಲ್ಲಿ ಮುಂದೆ ನೀರು ನುಗ್ಗುತ್ತದೆ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಅಳೆದು ಗಮನಿಸುತ್ತಿರಬೇಕು, ಕೆಂಪುನೀರು ಬಂದರೆ ಅವತ್ತೇ ಕೈಹಾಕಬೇಕು. ಏರಿಯ ಮಣ್ಣೇ ಹೊರಗೆ ಬರುತ್ತಿದೆ ಎಂದು ಅರ್ಥ. ಹೂಳು ಕೂತ ಡ್ಯಾಂ ಬೇಗ ತುಂಬುತ್ತದೆ, ಸೈಫನ್ನಿನ ಸರದಿಯೂ ಬೇಗ ಬರುತ್ತದೆ.

ನೀರು ಬಂದಾಗ ಜನವೂ ಬಂದರು, ಹೊಳೆಯ ಪರಿಚಯವಿಲ್ಲದ ಜನ. 2025ರ ಅಕ್ಟೋಬರಿನಲ್ಲಿ ಪ್ರವಾಸಕ್ಕೆಂದು ಬಂದು ಕೆಳಗೆ ನೀರಿಗಿಳಿದಿದ್ದ ಒಂದೇ ಕುಟುಂಬದ ಹೆಂಗಸರು ಮಕ್ಕಳು ಒಮ್ಮೆಗೇ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಅಣೆಕಟ್ಟೆ ಒಡೆದಿರಲಿಲ್ಲ. ಅವರು ಎಚ್ಚರ ವಹಿಸಲಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಡ್ಯಾಮಿಗೆ ನೀರು ತರುವ ಪ್ರದೇಶ ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ದೂರದಲ್ಲೆಲ್ಲೋ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೂ ಮಟ್ಟ ಏರಿಸಬಲ್ಲದು. ಹೊಳೆಯಲ್ಲಿ ನಿಂತವರಿಗೆ ಅದು ಕಾಣುವ ದಾರಿಯೇ ಇಲ್ಲ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಮತ್ತು ಆಮೇಲೆ ತಪಾಸಣೆ ಆಗಬೇಕು, ತುರ್ತು ಕ್ರಿಯಾ ಯೋಜನೆ ಇರಬೇಕು ಎನ್ನುತ್ತದೆ. ಅದು ಬೇಕಾದದ್ದೇ. ಆದರೆ ಏರಿ ಗಟ್ಟಿಯಿದೆಯೇ ಎಂದು ನೋಡಿದಷ್ಟೇ ಕಟ್ಟುನಿಟ್ಟಾಗಿ ಕೆಳಗೆ ಯಾರಿದ್ದಾರೆ ಎಂದೂ ನೋಡಬೇಕು. ಗೇಟು ಎತ್ತುವವನ ನಿರ್ಧಾರವನ್ನು ಮೊದಲೇ ಊಹಿಸಲಾಗದು, ಸೈಫನ್ನಿನದನ್ನು ಊಹಿಸಬಹುದು. ಇಲ್ಲಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 731.57 ಮೀಟರ್. ನೀರು ಅದರ ಹತ್ತಿರ ಬಂದ ದಿನ ಹೊಳೆಗಿಳಿಯುವ ದಾರಿಗೆ ಸರಪಳಿ ಬೀಳಬೇಕು, ಮಟ್ಟಕ್ಕೆ ಜೋಡಿಸಿದ ಸೈರನ್ ತಾನಾಗಿ ಕೂಗಬೇಕು, ಜನರನ್ನು ಮೇಲೆ ಕಳಿಸುವ ಅಧಿಕಾರವಿರುವ ಒಬ್ಬ ಕಾವಲುಗಾರ ಹಗಲಿಡೀ ಅಲ್ಲಿರಬೇಕು. ಸೈಫನ್ ನಿಂತ ಮೇಲೂ ಅವನು ಅಲ್ಲಿಂದ ಕದಲಬಾರದು.